ಲಿಪಿ ಬಾರದವರು, ಭಾಷೆ ಬಾರದವರು: ವಯಸ್ಕರ ಕಲಿಕೆಗೆ ಪಠ್ಯಸಾಮಗ್ರಿಯ ಆಯ್ಕೆ



ಓದುಬರಹ ಬಾರದ ವಯಸ್ಕರಿಗೆ ಕನ್ನಡವನ್ನೂ, ಓದುಬರಹ ಬಲ್ಲ ವಯಸ್ಕರಿಗೆ ಇಂಗ್ಲಿಷನ್ನೂ ಕಲಿಸುವಾಗ ಯಾವ ಪುಸ್ತಕ, ಯಾವ ಪಟ, ಯಾವ ಕಾಗದವನ್ನು ಅವರ ಮುಂದಿಡಬೇಕು ಎಂಬುದು ಇಂದಿನ ಉಪನ್ಯಾಸದ ವಿಷಯ. ನೋಡುವುದಕ್ಕೆ ಇದು ಅಂಗಡಿಯಲ್ಲಿ ಪುಸ್ತಕ ಆರಿಸುವಷ್ಟು ಸಣ್ಣ ಸಂಗತಿಯಂತೆ ಕಂಡರೂ, ವಯಸ್ಕರ ತರಗತಿಗಳು ಮೂರನೆಯ ವಾರಕ್ಕೆ ಖಾಲಿಯಾಗುವುದಕ್ಕೂ ಮೂರನೆಯ ತಿಂಗಳಿಗೆ ಗಟ್ಟಿಯಾಗುವುದಕ್ಕೂ ಇರುವ ಅಂತರ ಬಹುಮಟ್ಟಿಗೆ ಈ ಆಯ್ಕೆಯಲ್ಲಿಯೇ ಅಡಗಿದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ. 75.36, ಪುರುಷರಲ್ಲಿ ಅದು ಶೇ. 82ನ್ನು ದಾಟಿದರೆ ಮಹಿಳೆಯರಲ್ಲಿ ಶೇ. 68ರ ಆಸುಪಾಸಿನಲ್ಲಿದೆ. ವಿದ್ಯಾಸಂಸ್ಥೆಗಳಿಗೆ ಹೆಸರಾದ ಬೆಂಗಳೂರು ನಗರ ಜಿಲ್ಲೆಯಲ್ಲಿಯೂ ಸಾಕ್ಷರತೆ ಶೇ. 88ನ್ನು ಮುಟ್ಟಿರಲಿಲ್ಲ, ಎಂದರೆ ಏಳು ವರ್ಷ ದಾಟಿದ ಪ್ರತಿ ಎಂಟು ಜನರಲ್ಲಿ ಒಬ್ಬರಿಗೆ ಯಾವ ಭಾಷೆಯಲ್ಲಿಯೂ ಅರ್ಥವರಿತು ಓದಿ ಬರೆಯಲು ಬರುತ್ತಿರಲಿಲ್ಲ. ಆ ಒಬ್ಬರು ಎಲ್ಲೋ ದೂರದಲ್ಲಿಲ್ಲ. ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಹೂ ಕಟ್ಟುವವರಲ್ಲಿ, ಮನೆಗೆಲಸಕ್ಕೆ ಬರುವವರಲ್ಲಿ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕುಳಿತವರಲ್ಲಿ ಇದ್ದಾರೆ.

ಉಪನ್ಯಾಸವನ್ನು ನಾಲ್ಕು ಭಾಗಗಳಾಗಿ ವಿಂಗಡಿಸಿಕೊಳ್ಳಲಾಗಿದೆ. ಕರ್ನಾಟಕದಲ್ಲಿ ವಯಸ್ಕರ ಪಠ್ಯಸಾಮಗ್ರಿ ನಡೆದು ಬಂದ ದಾರಿ ಮೊದಲನೆಯದು. ಕಲಿಯಲು ಬರುವವರ ಬಗೆಗಳು ಎರಡನೆಯದು. ಕನ್ನಡ ಅಕ್ಷರ ಕಲಿಸುವ ಸಾಮಗ್ರಿ ಮೂರನೆಯದು. ಇಂಗ್ಲಿಷ್ ಕಲಿಸುವ ಸಾಮಗ್ರಿ ನಾಲ್ಕನೆಯದು. ಈ ನಾಲ್ಕನ್ನೂ ಹೆಣೆಯುವ ಎಳೆ ಒಂದೇ. ಲಿಪಿ ಬಾರದಿರುವುದು ಬೇರೆ, ಭಾಷೆ ಬಾರದಿರುವುದು ಬೇರೆ. ಒಂದು ಕೊರತೆಗೆಂದು ಸಿದ್ಧವಾದ ಪುಸ್ತಕವನ್ನು ಇನ್ನೊಂದಕ್ಕೆ ಕೊಟ್ಟಾಗ ಕಲಿಯುವವರು ಸೋಲುತ್ತಾರೆ, ಮತ್ತು ಆ ಸೋಲನ್ನು ಅವರು ತಮ್ಮ ತಲೆಯ ದೋಷವೆಂದೇ ಭಾವಿಸಿ ತರಗತಿ ಬಿಡುತ್ತಾರೆ.

ಮೊದಲಿಗೆ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡಬಹುದು. ಮೈಸೂರು ಸಂಸ್ಥಾನದಲ್ಲಿ ವಯಸ್ಕರ ಶಿಕ್ಷಣದ ಯೋಚನೆ ಹೊಸತಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರವರೆಗಿನ ಅವಧಿಯಲ್ಲಿಯೇ ರಾತ್ರಿ ಶಾಲೆಗಳಿಗೂ ಊರಿಂದೂರಿಗೆ ಸಾಗುವ ಪುಸ್ತಕ ಭಂಡಾರಗಳಿಗೂ ಸರ್ಕಾರದ ಒತ್ತಾಸೆ ದೊರೆತಿತ್ತು. 1940ರ ದಶಕದಲ್ಲಿ ಮೈಸೂರಿನಲ್ಲಿ ರೂಪುಗೊಂಡ ವಯಸ್ಕರ ಶಿಕ್ಷಣ ಸಮಿತಿಯು ಅಕ್ಷರ ಕಲಿಸುವುದಕ್ಕೆ ಸರಿಸಮನಾಗಿ, ಅಕ್ಷರ ಕಲಿತವರು ಮುಂದೆ ಏನನ್ನು ಓದಬೇಕು ಎಂಬ ಪ್ರಶ್ನೆಯನ್ನೂ ಕೈಗೆತ್ತಿಕೊಂಡಿತು. ಸಮಿತಿ ಹೊರತಂದ ‘ಬೆಳಕು’ ವಾರಪತ್ರಿಕೆ ಮತ್ತು ‘ಪುಸ್ತಕ ಪ್ರಪಂಚ’ ಮಾಸಪತ್ರಿಕೆ ಈ ಪ್ರಶ್ನೆಗೆ ಕೊಟ್ಟ ಉತ್ತರಗಳು. ಹೊಸದಾಗಿ ಓದು ಕಲಿತವರನ್ನು, ಅಂದರೆ ನವಸಾಕ್ಷರರನ್ನು, ಕೈಬಿಟ್ಟರೆ ಕಲಿತ ಅಕ್ಷರ ಒಂದೆರಡು ವರ್ಷದಲ್ಲಿ ಅಳಿಸಿಹೋಗುತ್ತದೆ ಎಂಬ ತಿಳಿವಳಿಕೆ ಅಷ್ಟು ಹಿಂದೆಯೇ ನಮ್ಮಲ್ಲಿ ಇತ್ತು.

ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಆರಂಭವಾದದ್ದು 1978ರ ಅಕ್ಟೋಬರ್ 2ರಂದು; ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾದದ್ದು 1988ರ ಮೇ 5ರಂದು. ಮಿಷನ್ ತಂದ ದೊಡ್ಡ ಬದಲಾವಣೆ ಪುಸ್ತಕದ ರಚನೆಗೆ ಸಂಬಂಧಿಸಿದ್ದು. ಕಲಿಕೆಯ ವೇಗವನ್ನೂ ಹೂರಣವನ್ನೂ ಸುಧಾರಿಸುವ ಈ ಹೊಸ ಪದ್ಧತಿಯಲ್ಲಿ ಪಾಠ, ಅಭ್ಯಾಸ, ಲೆಕ್ಕ ಮತ್ತು ಪರೀಕ್ಷೆ ಎಲ್ಲವೂ ಒಂದೇ ಪುಸ್ತಕದೊಳಗೆ ಸೇರಿಕೊಂಡವು. ಮೂರು ಭಾಗಗಳ ವಾಚಿಕೆಯನ್ನು ಸುಮಾರು 200 ಗಂಟೆಗಳಲ್ಲಿ ಮುಗಿಸುವ ಗುರಿ ಇತ್ತು. ಸಾಕ್ಷರರೆನಿಸಿಕೊಳ್ಳಲು ಗಟ್ಟಿಯಾಗಿ ಓದುವಾಗ ನಿಮಿಷಕ್ಕೆ 30 ಪದ, ಮನಸ್ಸಿನಲ್ಲಿಯೇ ಓದುವಾಗ 35 ಪದ, ನೋಡಿ ಬರೆಯುವಾಗ 7 ಪದ, ಉಕ್ತಲೇಖನದಲ್ಲಿ 5 ಪದ ಎಂಬ ಅಳತೆಗಳೂ ಗೊತ್ತಾದವು. ಕರ್ನಾಟಕದಲ್ಲಿ ‘ಬಾಳಿಗೆ ಬೆಳಕು’ ಎಂಬ ವಾಚಿಕೆ ಲೋಕ ಶಿಕ್ಷಣದ ತರಗತಿಗಳಲ್ಲಿ ಪರಿಚಿತವಾದ ಹೆಸರು. 2022ರಿಂದ ನಡೆಯುತ್ತಿರುವ ‘ಉಲ್ಲಾಸ್’ ಎಂಬ ನವಭಾರತ ಸಾಕ್ಷರತಾ ಕಾರ್ಯಕ್ರಮವು 15 ವರ್ಷ ದಾಟಿದವರಿಗೆ ಓದುಬರಹ ಮತ್ತು ಲೆಕ್ಕದ ಜೊತೆಗೆ ಬದುಕಿಗೆ ಬೇಕಾದ ಇತರ ತಿಳಿವಳಿಕೆಗಳನ್ನೂ ಕಲಿಕೆಯ ಭಾಗವಾಗಿ ಪರಿಗಣಿಸುತ್ತದೆ.

ಇಡೀ ರಾಜ್ಯಕ್ಕೆ ಒಂದೇ ವಾಚಿಕೆ ಸಿದ್ಧಪಡಿಸುವುದರಲ್ಲಿ ಅನುಕೂಲವೂ ಇದೆ, ತೊಡಕೂ ಇದೆ. ಲಕ್ಷಾಂತರ ಜನರಿಗೆ ಏಕಕಾಲದಲ್ಲಿ ಕಲಿಸುವ ಆಂದೋಲನಕ್ಕೆ ಅದು ಅನಿವಾರ್ಯ. ಆದರೆ ವಾರಕ್ಕೆ ಎರಡು ಮೂರು ಸಂಜೆ ನಾಲ್ಕಾರು ಜನರನ್ನು ಮುಂದೆ ಕೂರಿಸಿಕೊಂಡು ಕಲಿಸುವ ಬೋಧಕರಿಗೆ ಆಂದೋಲನಕ್ಕಿಲ್ಲದ ಒಂದು ಸವಲತ್ತಿದೆ: ಎದುರಿಗಿರುವವರು ಯಾರು ಎಂದು ಕೇಳಿ ತಿಳಿದುಕೊಂಡು, ಆಮೇಲೆ ಪುಸ್ತಕ ಆರಿಸುವುದಕ್ಕೆ ಅವರಿಗೆ ಸಾಧ್ಯ. ಈ ಮಾತು ಸಹಜವಾಗಿ ಉಪನ್ಯಾಸದ ಎರಡನೆಯ ಭಾಗಕ್ಕೆ ಕರೆದೊಯ್ಯುತ್ತದೆ.

ಮಲ್ಲೇಶ್ವರದಂಥ ಬಡಾವಣೆಯ ಸಂಜೆ ತರಗತಿಗೆ ಬರುವವರನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ಗುರುತಿಸಬಹುದು. ಕನ್ನಡವೇ ಮನೆಮಾತಾಗಿದ್ದು, ಓದುಬರಹ ಮಾತ್ರ ಬಾರದವರು ಮೊದಲನೆಯವರು. ಮನೆಯಲ್ಲಿ ತೆಲುಗು, ತಮಿಳು ಅಥವಾ ಉರ್ದು ಆಡುತ್ತ, ಬೀದಿಯಲ್ಲಿ ಸಲೀಸಾಗಿ ಕನ್ನಡ ಮಾತನಾಡುತ್ತ, ಯಾವ ಲಿಪಿಯನ್ನೂ ಅರಿಯದವರು ಎರಡನೆಯವರು. ಉತ್ತರದ ರಾಜ್ಯಗಳಿಂದ ಕೆಲಸಕ್ಕೆ ಬಂದು, ನಾಗರಿ ಲಿಪಿಯನ್ನೋ ಬಂಗಾಳಿ ಲಿಪಿಯನ್ನೋ ಓದಬಲ್ಲವರಾಗಿದ್ದರೂ ಕನ್ನಡದ ಮಾತೂ ಲಿಪಿಯೂ ಹೊಸದಾಗಿರುವವರು ಮೂರನೆಯವರು. ಏಳನೆಯದೋ ಹತ್ತನೆಯದೋ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಕೆಲಸಕ್ಕಾಗಿ ಅಥವಾ ಮಕ್ಕಳ ಶಾಲೆಯ ಡೈರಿ ಓದುವುದಕ್ಕಾಗಿ ಇಂಗ್ಲಿಷ್ ಬೇಕೆನ್ನುವವರು ನಾಲ್ಕನೆಯವರು.

ಮೊದಲನೆಯವರಿಗೆ ಭಾಷೆ ಪೂರ್ತಿಯಾಗಿ ಇದೆ, ಲಿಪಿ ಇಲ್ಲ. ಒಂದು ಪದವನ್ನು ಕೂಡಿಸಿ ಓದಿದ ಕ್ಷಣವೇ ಅದರ ಅರ್ಥ ಅವರಿಗೆ ಹೊಳೆಯುತ್ತದೆ. ಆ ಹೊಳಹೇ ಮುಂದಿನ ಪದಕ್ಕೆ ನೂಕುವ ಬಲ. ಎರಡನೆಯವರಿಗೆ ಮಾತಿನ ಕನ್ನಡ ಗೊತ್ತಿದ್ದರೂ ಪುಸ್ತಕದ ಕನ್ನಡ ಅಪರಿಚಿತವಾಗಿರುವುದರಿಂದ, ಓದಿದ ಪದ ಕೆಲವೊಮ್ಮೆ ಅರ್ಥವಿಲ್ಲದ ಸದ್ದಾಗಿ ಉಳಿಯುತ್ತದೆ. 1990ರ ದಶಕದ ಆರಂಭದಲ್ಲಿ ಸಂಪೂರ್ಣ ಸಾಕ್ಷರತಾ ಆಂದೋಲನ ನಡೆದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವವರು ಕನ್ನಡ ಲಿಪಿ ಕಲಿತದ್ದು ಇದೇ ಬಗೆಯ ಕಲಿಕೆ. ಮೂರನೆಯವರಿಗೆ ಓದುವುದೆಂದರೇನು ಎಂಬುದು ಆಗಲೇ ತಿಳಿದಿದೆ. ಕ, ಖ, ಗ, ಘ ಎಂಬ ವರ್ಗಗಳ ಜೋಡಣೆಯೂ ಗೊತ್ತಿದೆ. ಅವರ ಮುಂದೆ ಸ್ಲೇಟು ಬಳಪ ಇಟ್ಟು ತಿದ್ದಿಸುವುದಕ್ಕಿಂತ ಸಂಭಾಷಣೆಯಿಂದ ಆರಂಭಿಸಿ, ಲಿಪಿಯನ್ನು ಅವರು ಬಲ್ಲ ಲಿಪಿಯ ಪಕ್ಕಪಕ್ಕದಲ್ಲಿಟ್ಟು ಕಲಿಸುವುದು ಸರಿಯಾದ ಕ್ರಮ. ನಾಲ್ಕನೆಯವರು ಪೂರ್ಣ ಅರ್ಥದಲ್ಲಿ ಓದುಗರು. ಅವರಿಗೆ ಇಲ್ಲದಿರುವುದು ಇಂಗ್ಲಿಷ್ ಎಂಬ ಭಾಷೆಯೇ. ಅಕ್ಷರಮಾಲೆಯ ಪುಸ್ತಕ ಅವರಿಗೆ ಅವಮಾನವೆನಿಸುತ್ತದೆ, ವ್ಯಾಕರಣದ ಪುಸ್ತಕ ನಿರುಪಯುಕ್ತವೆನಿಸುತ್ತದೆ.

ಅವಮಾನದ ಪ್ರಶ್ನೆಯನ್ನು ಇಲ್ಲಿಯೇ ಎತ್ತಿಕೊಳ್ಳುವುದು ಉಚಿತ. ವಯಸ್ಕರ ತರಗತಿಗಳಲ್ಲಿ ಅತಿ ಸುಲಭವಾಗಿ ಸಿಗುವ ಪುಸ್ತಕ ಮಕ್ಕಳ ಪುಸ್ತಕ. ಅದು ಅಗ್ಗ, ಅದರಲ್ಲಿ ಚಿತ್ರಗಳಿವೆ, ಅಕ್ಷರ ದಪ್ಪವಾಗಿದೆ. ಆದರೆ ನಲವತ್ತೈದು ವರ್ಷದ ತಾಯಿ, ಮೊಮ್ಮಗು ಓದುವ ಪುಸ್ತಕವನ್ನೇ ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ಹೋಗಲು ಒಪ್ಪುವುದು ಕಷ್ಟ. ಆಕೆ ಚೀಟಿ ಕಟ್ಟುತ್ತಾರೆ, ಬಡ್ಡಿಯ ಲೆಕ್ಕವನ್ನು ಬಾಯಲ್ಲೇ ಹಾಕುತ್ತಾರೆ, ಮೂರು ಮನೆಗಳ ಅಡುಗೆಯ ವಿವರ ನೆನಪಿನಲ್ಲಿಟ್ಟಿರುತ್ತಾರೆ. ಅವರಿಗೆ ಇಲ್ಲದಿರುವುದು ಬರವಣಿಗೆ ಎಂಬ ಒಂದು ಸಾಧನ ಮಾತ್ರ. ಈ ಸತ್ಯವನ್ನು ಮರೆಯದ ಪುಸ್ತಕ ವಯಸ್ಕರ ಪುಸ್ತಕ. ಮರೆತದ್ದು ಯಾರ ಕೈಯಲ್ಲಿದ್ದರೂ ಬಾಲಬೋಧೆಯೇ.

ಇನ್ನು ಮೂರನೆಯ ಭಾಗಕ್ಕೆ, ಅಂದರೆ ಕನ್ನಡ ಅಕ್ಷರ ಕಲಿಸುವ ಸಾಮಗ್ರಿಗೆ ಬರುವುದಾದರೆ, ಅಲ್ಲಿ ಎದುರಾಗುವ ಮೊದಲ ಪ್ರಶ್ನೆ ಕ್ರಮದ್ದು. ವರ್ಣಮಾಲೆಯ 49 ಅಕ್ಷರಗಳನ್ನು ಅ ಆ ಇ ಈ ಎಂದು ಸಾಲಾಗಿ ತಿದ್ದಿಸುವುದು ಹಳೆಯ ಕ್ರಮ. ಉಚ್ಚಾರಣೆಯ ಶಾಸ್ತ್ರವಾಗಿ ಈ ಜೋಡಣೆ ಅತ್ಯಂತ ಸುಂದರವಾದುದೇ. ಆದರೆ ಕಲಿಕೆಯ ಕ್ರಮವಾಗಿ ನೋಡಿದರೆ, ದಿನವೂ ಬೇಕಾಗುವ ರಕಾರ, ನಕಾರಗಳಿಗೂ ವರ್ಷಕ್ಕೊಮ್ಮೆ ಕಾಣಸಿಗದ ಙಕಾರ, ಝಕಾರಗಳಿಗೂ ಅದು ಒಂದೇ ಬೆಲೆ ಕಟ್ಟುತ್ತದೆ. ಕರ್ನಾಟಕದ ಶಾಲಾ ಪುಸ್ತಕಗಳಲ್ಲಿ ಬಳಕೆಗೆ ಬಂದ ‘ರ ಗ ಸ ದ ಅ’ ಎಂಬ ಕ್ರಮವು, ಬರೆಯಲು ಸುಲಭವಾಗಿದ್ದು ಆಕಾರದಲ್ಲಿ ಒಂದನ್ನೊಂದು ಹೋಲುವ ಅಕ್ಷರಗಳನ್ನು ಒಂದು ಗುಂಪಾಗಿ ಮಾಡಿ, ಅವುಗಳಿಂದ ಕೂಡಲೇ ಪದಗಳನ್ನು ಕಟ್ಟಿಸುತ್ತದೆ. ಈ ಐದೇ ಅಕ್ಷರಗಳಿಂದ ಅರಸ, ಅಗಸ, ದಸರ, ಸರ, ರಸ, ಗದಗ, ದರ ಎಂಬ ಪದಗಳು ಹುಟ್ಟುತ್ತವೆ. ಮಗುವಿಗೆ ಅರಸನ ಚಿತ್ರ ಒಪ್ಪುತ್ತದೆ. ವಯಸ್ಕರಿಗೆ ‘ದರ’ ಎಂಬ ಪದವೇ ಮೊದಲ ಪಾಠವಾಗಬೇಕು, ಏಕೆಂದರೆ ತರಗತಿಯಿಂದ ಹೊರಬಿದ್ದ ಕೂಡಲೇ ಅದು ಅಂಗಡಿಯ ಹಲಗೆಯ ಮೇಲೆ ಅವರಿಗೆ ಎದುರಾಗುತ್ತದೆ.

ಎರಡನೆಯ ಪ್ರಶ್ನೆ ಒತ್ತಕ್ಷರದ್ದು. ಒಂದು ವ್ಯಂಜನದ ಕೆಳಗೆ ಇನ್ನೊಂದು ವ್ಯಂಜನ ಕೂಡಿಕೊಂಡು ಬರುವುದೇ ಒತ್ತಕ್ಷರ. ಅದೇ ವ್ಯಂಜನ ಇಮ್ಮಡಿಸಿದರೆ ಸಜಾತೀಯ, ಬೇರೆಯದು ಬಂದರೆ ವಿಜಾತೀಯ. ಹಲವು ವಾಚಿಕೆಗಳು ಕಾಗುಣಿತವೆಲ್ಲ ಮುಗಿದ ಮೇಲೆ, ಪುಸ್ತಕದ ಕೊನೆಯಲ್ಲಿ ಒತ್ತಕ್ಷರಗಳನ್ನು ಕಲಿಸುತ್ತವೆ. ಇದರ ಪರಿಣಾಮ ವಿಚಿತ್ರವಾದುದು. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಕ್ಕಿ, ಎಣ್ಣೆ, ಬೆಲ್ಲ, ಹಣ್ಣು ಎಂಬಿವು ಕನ್ನಡಿಗರ ಬಾಯಲ್ಲಿ ಹುಟ್ಟಿದಂದಿನಿಂದ ನಲಿಯುವ ಪದಗಳು, ಮತ್ತು ಇವೆಲ್ಲವೂ ಒತ್ತಕ್ಷರದ ಪದಗಳು. ಒತ್ತಕ್ಷರವನ್ನು ಕೊನೆಗೆ ನೂಕಿದ ಪುಸ್ತಕ, ಮನೆ ಮಂದಿಯನ್ನೂ ಅಡುಗೆಮನೆಯ ಡಬ್ಬಿಗಳನ್ನೂ ಜೊತೆಗೇ ಕೊನೆಗೆ ನೂಕುತ್ತದೆ. ಕ, ಪ, ಬ, ಳ ಮುಂತಾದವುಗಳ ಒತ್ತು ಮೂಲ ಅಕ್ಷರವನ್ನು ಹೋಲುವುದರಿಂದ ಅವನ್ನು ಬೇಗನೆ ಕಲಿಸಬಹುದು. ತ, ನ, ಮ, ಯ, ರ ಇವುಗಳ ಒತ್ತು ಮೂಲರೂಪಕ್ಕೆ ಹೋಲದ ಕಾರಣ ಅವನ್ನು ಒಂದೊಂದಾಗಿ, ಪರಿಚಿತ ಪದದೊಳಗಿಟ್ಟು ಕಲಿಸಬೇಕು. ಅಮ್ಮ ಎಂಬ ಪದವನ್ನು ಮೊದಲು ಇಡಿಯಾಗಿ ಚಿತ್ರದಂತೆ ಗುರುತಿಸಲು ಕಲಿಸಿ, ಮಕಾರದ ಒತ್ತನ್ನು ಆಮೇಲೆ ಬಿಡಿಸಿ ತೋರಿಸುವುದರಲ್ಲಿ ತಪ್ಪೇನೂ ಇಲ್ಲ. ಹೆಸರು ಬರೆಯುವ ಆಸೆಗೂ ಇದೇ ದಾರಿ. ಹೆಬ್ಬೆಟ್ಟು ಬಿಟ್ಟು ಸಹಿ ಹಾಕಬೇಕೆಂಬುದು ಬಹುತೇಕರ ಮೊದಲ ಬಯಕೆಯಾದರೂ, ಲಕ್ಷ್ಮಮ್ಮ, ರತ್ನಮ್ಮ ಎಂಬಂಥ ಹೆಸರುಗಳು ಕನ್ನಡ ಲಿಪಿಯ ಕಠಿಣ ಕೂಟಗಳಿಂದಲೇ ಆದವು. ವಾಚಿಕೆ ಅಲ್ಲಿಗೆ ತಲುಪುವವರೆಗೆ ಕಾಯಿರಿ ಎನ್ನುವುದು ಸರಿಯಾದ ಉತ್ತರವಲ್ಲ.

ಮೂರನೆಯ ಪ್ರಶ್ನೆ ಪದಗಳ ಆಯ್ಕೆಯದು. ಬ್ರೆಜಿಲ್ ದೇಶದ ಶಿಕ್ಷಣ ಚಿಂತಕ ಪಾವ್ಲೊ ಫ್ರೇರಿ 1963ರಲ್ಲಿ ಆಂಜಿಕೊಸ್ ಎಂಬ ಊರಿನಲ್ಲಿ ಸುಮಾರು 300 ದುಡಿಯುವ ಜನರಿಗೆ ಓದು ಕಲಿಸಿದಾಗ, ಅವರ ಬದುಕಿನಲ್ಲಿ ಅರ್ಥ ತುಂಬಿಕೊಂಡಿದ್ದ ಪದಗಳನ್ನೇ ಆರಿಸಿ, ಅವುಗಳ ಬಗ್ಗೆ ಚರ್ಚೆ ನಡೆಸಿ, ಆ ಪದವನ್ನು ಉಲಿಗಳಾಗಿ ಬಿಡಿಸಿ, ಆ ಉಲಿಗಳಿಂದ ಹೊಸ ಪದ ಕಟ್ಟಿಸುವ ವಿಧಾನವನ್ನು ಬಳಸಿದರು. ಇಟ್ಟಿಗೆ ಎಂಬ ಅರ್ಥದ ಪೋರ್ಚುಗೀಸ್ ಪದವನ್ನು ಅವರ ವಿಧಾನದ ಉದಾಹರಣೆಯಾಗಿ ಈಗಲೂ ಎತ್ತಿ ಹೇಳುತ್ತಾರೆ. ಅದರ ಒಂದೊಂದು ಉಲಿಯನ್ನೂ ಬೇರೆ ಬೇರೆ ಸ್ವರಗಳೊಂದಿಗೆ ಕೂಡಿಸಿ ಅವರು ಹಲಗೆಯ ಮೇಲೆ ಬರೆದ ಸಾಲುಗಳನ್ನು ನೋಡಿದ ಕನ್ನಡಿಗರಿಗೆ ಅಚ್ಚರಿಯಾಗಬಹುದು, ಏಕೆಂದರೆ ಅವು ಬೇರೇನೂ ಅಲ್ಲ, ನಮ್ಮ ಕಾಗುಣಿತವೇ. ಕನ್ನಡದ ಲಿಪಿ ತನ್ನ ಹುಟ್ಟುಗುಣದಲ್ಲಿಯೇ ಈ ಸೌಲಭ್ಯ ಇಟ್ಟುಕೊಂಡಿದೆ. ಬೇಕಾಗಿರುವುದು ಫ್ರೇರಿ ಮಾಡಿದ ಇನ್ನೊಂದು ಕೆಲಸ, ಅಂದರೆ ಕಲಿಯುವವರ ಬಾಯಿಂದಲೇ ಪದ ಆಯುವುದು.

ಮಲ್ಲೇಶ್ವರದ ಬೋಧಕರು ಅಂಥ ಪದಗಳಿಗಾಗಿ ದೂರ ಹೋಗಬೇಕಾಗಿಲ್ಲ. ಬಸ್ಸಿನ ಫಲಕಗಳೇ ಒಂದು ಶ್ರೇಣೀಕೃತ ವಾಚಿಕೆ. ರಾಜಾಜಿನಗರ, ಜಯನಗರ, ಬಸವನಗುಡಿ, ಚಾಮರಾಜಪೇಟೆ ಎಂಬ ಹೆಸರುಗಳಲ್ಲಿ ಒತ್ತಕ್ಷರವೂ ಇಲ್ಲ, ಸೊನ್ನೆಯೂ ಇಲ್ಲ. ಕೆಲವು ಅಕ್ಷರ ಮತ್ತು ಕೆಲವು ಕಾಗುಣಿತ ಬಂದರೆ ಸಾಕು. ಯಶವಂತಪುರ, ಗಾಂಧಿನಗರ ಎಂಬಲ್ಲಿ ಅನುಸ್ವಾರ, ಅಂದರೆ ಸೊನ್ನೆ, ಸೇರಿಕೊಳ್ಳುತ್ತದೆ. ಹೆಬ್ಬಾಳ, ಮತ್ತಿಕೆರೆ ಎಂಬಲ್ಲಿ ಸಜಾತೀಯ ಒತ್ತು ಬರುತ್ತದೆ. ಪೀಣ್ಯ, ಸಂಪಿಗೆ ರಸ್ತೆ ಎಂಬಲ್ಲಿ ವಿಜಾತೀಯ ಒತ್ತು ಬರುತ್ತದೆ. ಮಲ್ಲೇಶ್ವರ ಎಂಬ ಹೆಸರು ಎರಡನ್ನೂ ಹೊತ್ತುಕೊಂಡು ಮೇಲಿನ ಮೆಟ್ಟಿಲಿನಲ್ಲಿ ನಿಲ್ಲುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ, ಬಣ್ಣವನ್ನೂ ಜೊತೆಯವರನ್ನೂ ನಂಬದೆ ತಾವೇ ಫಲಕ ಓದಿ ಬಸ್ಸು ಹತ್ತುವ ಅಗತ್ಯ ಇನ್ನೂ ಹೆಚ್ಚಿದೆ. ನೋಟುಗಳನ್ನೂ ಇದೇ ರೀತಿ ಬಳಸಬಹುದು. ಹಿಂಬದಿಯ ಪಟ್ಟಿಯಲ್ಲಿರುವ 15 ಭಾಷೆಗಳ ನಡುವೆ ಕನ್ನಡದ ಸಾಲನ್ನು ಹುಡುಕಿ ‘ನೂರು ರೂಪಾಯಿಗಳು’ ಎಂದು ಓದುವುದು, ಬೆಲೆ ಮೊದಲೇ ಗೊತ್ತಿರುವುದರಿಂದ, ಊಹೆಯನ್ನೂ ಓದನ್ನೂ ಒಟ್ಟಿಗೆ ಪರೀಕ್ಷಿಸುವ ಪಾಠವಾಗುತ್ತದೆ.

ನಾಲ್ಕನೆಯ ಪ್ರಶ್ನೆ ಬರಹದ ಕನ್ನಡಕ್ಕೂ ಆಡುಮಾತಿಗೂ ಇರುವ ಅಂತರದ್ದು. ‘ಬರ್ತೀನಿ’ ಎನ್ನುವವರ ಮುಂದೆ ‘ಬರುತ್ತೇನೆ’ ಎಂದು ಬರೆದಿಟ್ಟರೆ, ಅಕ್ಷರ ಕೂಡಿಸುವ ಶ್ರಮದ ಮೇಲೆ ರೂಪ ಗುರುತಿಸುವ ಶ್ರಮವೂ ಸೇರುತ್ತದೆ. ನ್ಯೂಜಿಲೆಂಡಿನಲ್ಲಿ ಮಾವೊರಿ ಮಕ್ಕಳಿಗೆ ಕಲಿಸಿದ ಸಿಲ್ವಿಯಾ ಆಷ್ಟನ್ ವಾರ್ನರ್, ಕಲಿಯುವವರು ಕೇಳಿದ ಪದಗಳನ್ನೇ ಬರೆದುಕೊಟ್ಟು ಅವುಗಳಿಂದಲೇ ಓದು ಆರಂಭಿಸಿದ ಬಗೆಯನ್ನು 1963ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಆ ಬಗೆಯನ್ನು ವಯಸ್ಕರಿಗೆ ಒಗ್ಗಿಸುವುದು ಸುಲಭ. ಹೂ ಮಾರುವವರು ತಮ್ಮ ದಿನಚರಿಯನ್ನು ನಾಲ್ಕು ವಾಕ್ಯದಲ್ಲಿ ಹೇಳಿದರೆ, ಬೋಧಕರು ಅದನ್ನು ಹೇಳಿದಂತೆಯೇ, ಮೊಳ, ಮಾರು ಎಂಬ ಅಳತೆಗಳ ಸಮೇತ, ದಪ್ಪಕ್ಷರದಲ್ಲಿ ಬರೆದುಕೊಡುತ್ತಾರೆ. ತಮ್ಮ ಮಾತೇ ಆದ್ದರಿಂದ ಅದನ್ನು ಓದುವಾಗ ಅರ್ಥಕ್ಕೆ ತಡಕಾಡಬೇಕಾಗುವುದಿಲ್ಲ. ಆಡುಮಾತನ್ನು ಬರೆಯುವುದು ಭಾಷೆಗೆ ಕುಂದು ಎಂದು ಶಂಕಿಸುವವರು, ಕೈಲಾಸಂ ಅವರ ನಾಟಕಗಳೂ ಜಿ.ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಕೃತಿಯೂ ಆಡುನುಡಿಯಲ್ಲಿಯೇ ಅಚ್ಚಾದವು ಎಂಬುದನ್ನು ನೆನೆಯಬಹುದು. ಕೆಲವು ವಾರಗಳ ಬಳಿಕ ಅದೇ ಪಾಠವನ್ನು ಗ್ರಂಥಸ್ಥ ರೂಪದಲ್ಲಿಯೂ ಪಕ್ಕದಲ್ಲಿ ಬರೆದಿಟ್ಟರೆ, ಒಂದರಿಂದ ಇನ್ನೊಂದಕ್ಕೆ ದಾಟುವ ಕಾಲುಸಂಕ ಸಿದ್ಧವಾಗುತ್ತದೆ.

ಮುದ್ರಣದ ಬಗ್ಗೆಯೂ ಒಂದು ಮಾತು ಅಗತ್ಯ. ನಲವತ್ತು ದಾಟಿದವರ ಕಣ್ಣಿಗೆ ಹತ್ತಿರದ ಅಕ್ಷರ ಮಬ್ಬಾಗುವುದನ್ನು ನಮ್ಮಲ್ಲಿ ಚಾಳೀಸು ಎನ್ನುತ್ತಾರೆ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಸಣ್ಣದಾಗಿ ಕೂರುವುದರಿಂದ, ಸಣ್ಣ ಅಚ್ಚಿನಲ್ಲಿ ಮೊದಲು ಮಾಯವಾಗುವುದು ಅದೇ. ಓದಲಾಗುತ್ತಿಲ್ಲ ಎಂದವರಿಗೆ ಪಾಠ ಬದಲಿಸುವ ಮೊದಲು ಅಚ್ಚಿನ ಗಾತ್ರ, ಸಾಲುಗಳ ನಡುವಿನ ಅಂತರ, ಕೋಣೆಯ ದೀಪ ಮತ್ತು ಕನ್ನಡಕ ಇವುಗಳನ್ನು ವಿಚಾರಿಸುವುದು ಬೋಧಕರ ಕರ್ತವ್ಯ.

ಈಗ ನಾಲ್ಕನೆಯ ಭಾಗ, ಇಂಗ್ಲಿಷ್. ಇಲ್ಲಿ ಸಮಸ್ಯೆ ತಿರುಗಾಮುರುಗಾ ಆಗುತ್ತದೆ. ಕನ್ನಡದಲ್ಲಿ ಭಾಷೆ ಕೈಯಲ್ಲಿದೆ, ಲಿಪಿ ಬೇಕು. ಇಂಗ್ಲಿಷಿನಲ್ಲಿ 26 ಅಕ್ಷರಗಳ ಲಿಪಿ ಕೆಲವೇ ವಾರಗಳಲ್ಲಿ ಬರುತ್ತದೆ, ಭಾಷೆ ಬರುವುದಿಲ್ಲ. ಕನ್ನಡದಲ್ಲಿ ಅಕ್ಷರದ ಹೆಸರೂ ಉಲಿಯೂ ಒಂದೇ ಆಗಿರುವುದರಿಂದ, ಇಂಗ್ಲಿಷಿನ ‘ಎಚ್’ ಎಂಬ ಹೆಸರಿನಲ್ಲಿ ಹಕಾರವೇ ಇಲ್ಲದಿರುವುದು, ‘ಸಿ’ ಎಂಬುದು ಒಮ್ಮೆ ಕಕಾರವಾಗಿ ಇನ್ನೊಮ್ಮೆ ಸಕಾರವಾಗಿ ಬರುವುದು ಕಲಿಯುವವರಿಗೆ ಮೋಸದಂತೆ ತೋರುತ್ತದೆ. ಇದಲ್ಲದೆ ಕನ್ನಡದ ‘ಕ’ ಎಂಬುದು ಅಕಾರ ಸೇರಿದ ಇಡೀ ಉಲಿ. ಅದರಿಂದ ‘ಕ್’ ಎಂಬುದನ್ನು ಬೇರ್ಪಡಿಸುವ ಅಭ್ಯಾಸವಾಗದೆ ಇಂಗ್ಲಿಷ್ ಪದಗಳನ್ನು ಕೂಡಿಸಿ ಓದುವುದು ಕಷ್ಟ. ಕನ್ನಡಿಗರಿಗೆಂದು ಆರಿಸುವ ಇಂಗ್ಲಿಷ್ ಪುಸ್ತಕ ಈ ಎರಡು ತೊಡಕುಗಳನ್ನು ಬಾಯಿಬಿಟ್ಟು ಹೇಳಬೇಕು.

ತುಂಬ ಮಾರಾಟವಾಗುವ ಒಂದು ಬಗೆಯ ಪುಸ್ತಕದಲ್ಲಿ, ಕೆಲವೇ ದಿನಗಳಲ್ಲಿ ಇಂಗ್ಲಿಷ್ ಕಲಿಸುವ ಭರವಸೆಯೊಂದಿಗೆ, ಪ್ರತಿ ಇಂಗ್ಲಿಷ್ ವಾಕ್ಯದ ಕೆಳಗೆ ಕನ್ನಡ ಲಿಪಿಯಲ್ಲಿ ಉಚ್ಚಾರಣೆ ಕೊಟ್ಟಿರುತ್ತದೆ. ಮೊದಲ ಕೆಲವು ವಾರ ಇದು ಆಸರೆ. ಆಮೇಲೆ ಕಣ್ಣು ಕನ್ನಡದ ಸಾಲಿಗೇ ಹೋಗಿ ಇಂಗ್ಲಿಷ್ ಸಾಲು ಅಲಂಕಾರವಾಗಿ ಉಳಿಯುತ್ತದೆ. ಅಂಥ ಪುಸ್ತಕವನ್ನು ಬಳಸುವುದಾದರೆ ಕನ್ನಡದ ಸಾಲನ್ನು ಒಂದು ಪಟ್ಟಿಯಿಂದ ಮುಚ್ಚಿ ಓದಿಸಬೇಕು. ಅದಕ್ಕಿಂತ ದೊಡ್ಡ ಕೊರತೆ ವಿನಯಕ್ಕೆ ಸಂಬಂಧಿಸಿದ್ದು. ಕನ್ನಡದಲ್ಲಿ ‘ಸ್ವಲ್ಪ ಕೊಡಿ’ ಎಂಬಲ್ಲಿನ ‘ಸ್ವಲ್ಪ’ವೂ ‘ನೀವು’ ಎಂಬ ಬಹುವಚನವೂ ಮರ್ಯಾದೆಯನ್ನು ಹೊತ್ತಿರುತ್ತವೆ. ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ ‘ಯೂ’ ಒಂದೇ. ಪದಕ್ಕೆ ಪದ ಇಟ್ಟು ‘ಗಿವ್ ಮಿ’ ಎಂದಾಗ, ಮರ್ಯಾದೆಯಿಂದಲೇ ಕೇಳಿದವರ ಮಾತು ಒರಟಾಗಿ ಕೇಳಿಸುತ್ತದೆ. ಆದ್ದರಿಂದ ಶಬ್ದಪಟ್ಟಿಗಿಂತ ಸಂದರ್ಭದ ಪೂರ್ತಿ ವಾಕ್ಯಗಳನ್ನು ಕಲಿಸುವ ಸಾಮಗ್ರಿ ಮೇಲು.

ಸಂದರ್ಭದಿಂದ ಕಲಿಸುವ ವಿಚಾರದಲ್ಲಿ ಜಗತ್ತಿಗೇ ಪರಿಚಿತವಾದ ಪ್ರಯೋಗವೊಂದು ಈ ಊರಿನ ಹೆಸರನ್ನೇ ಹೊತ್ತಿದೆ. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಈ ಪ್ರಯೋಗಕ್ಕೆ ಭಾಷಾಬೋಧನೆಯ ವಲಯದಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರು. ವ್ಯಾಕರಣದ ನಿಯಮಗಳನ್ನು ಸಾಲಾಗಿ ಕಲಿಸುವ ಬದಲು, ರೈಲು ವೇಳಾಪಟ್ಟಿ, ನಕ್ಷೆ ಮುಂತಾದವನ್ನು ಮುಂದಿಟ್ಟು ಒಂದು ಲೆಕ್ಕಾಚಾರವನ್ನು ಇಂಗ್ಲಿಷಿನಲ್ಲಿಯೇ ಬಿಡಿಸಲು ಹೇಳಿದರೆ, ಗಮನ ಅರ್ಥದ ಮೇಲಿರುವಾಗ ಭಾಷೆಯ ರೂಪ ತಾನಾಗಿ ಒಳಗಿಳಿಯುತ್ತದೆ ಎಂಬುದು ಅದರ ತಳಹದಿ. ಶಾಲಾ ಮಕ್ಕಳಿಗಾಗಿ ನಡೆದ ಪ್ರಯೋಗವಾದರೂ ಅದು ವಯಸ್ಕರಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಅವರ ಬದುಕಿನಲ್ಲಿ ಬಿಡಿಸಬೇಕಾದ ನಿಜವಾದ ಲೆಕ್ಕಾಚಾರಗಳೇ ಬೇಕಾದಷ್ಟಿವೆ. ಅಪಾರ್ಟ್‌ಮೆಂಟಿನ ಕಾವಲುಗಾರರಿಗೆ ಬಂದುಹೋಗುವವರ ರಿಜಿಸ್ಟರೇ ಪಠ್ಯ: ಹೆಸರು, ಫ್ಲಾಟ್ ನಂಬರು, ಬಂದ ಹೊತ್ತು, ಹೋದ ಹೊತ್ತು, ಬಂದ ಉದ್ದೇಶ ಎಂಬ ಐದು ಕಾಲಮ್ಮುಗಳಲ್ಲಿ ಐದು ಪ್ರಶ್ನೆಗಳೂ ಐದು ಉತ್ತರಗಳೂ ಅಡಗಿವೆ. ತಾಯಂದಿರಿಗೆ ಮಗುವಿನ ಶಾಲೆಯ ಡೈರಿ ಮತ್ತು ಔಷಧಿಯ ಚೀಟಿ, ಅಂಗಡಿಯಲ್ಲಿ ದುಡಿಯುವವರಿಗೆ ಬಿಲ್ಲು, ಅಡುಗೆಯವರಿಗೆ ಪೊಟ್ಟಣದ ಮೇಲಿನ ತಾರೀಖು ಮತ್ತು ತೂಕ ಇದೇ ಕೆಲಸ ಮಾಡುತ್ತವೆ.

ಕಲಿಯುವವರ ಬಳಿ ಆಗಲೇ ಇರುವ ಇಂಗ್ಲಿಷ್ ಬಂಡವಾಳವನ್ನೂ ಮರೆಯುವಂತಿಲ್ಲ. ಬಸ್ಸು, ಟಿಕೆಟ್ಟು, ಸ್ವಿಚ್ಚು, ಲಿಫ್ಟು, ಕುಕ್ಕರು, ಡ್ಯೂಟಿ, ಲೀವು ಮುಂತಾದ ನೂರಾರು ಪದಗಳು ಅವರ ನಾಲಿಗೆಯ ಮೇಲಿವೆ. ಮೊದಲ ದಿನವೇ ಇಂಥ ಪದಗಳ ಪಟ್ಟಿಯನ್ನು ಅವರ ಬಾಯಿಂದಲೇ ಹೇಳಿಸಿ ಬರೆದುಕೊಂಡು, ಕನ್ನಡದ ಬಾಯಿ ಕೊನೆಗೆ ಸೇರಿಸಿದ ಉಕಾರವನ್ನು ಕಳಚಿ ತೋರಿಸಿದರೆ, ‘ಇಂಗ್ಲಿಷ್ ಏನೂ ಬರುವುದಿಲ್ಲ’ ಎಂದವರು ಅರ್ಧ ಪುಟದಷ್ಟು ಇಂಗ್ಲಿಷ್ ಬಲ್ಲವರಾಗಿ ಮನೆಗೆ ಹೋಗುತ್ತಾರೆ.

ಈ ನಾಲ್ಕು ಭಾಗಗಳನ್ನು ಕ್ರೋಡೀಕರಿಸಿ ಹೇಳುವುದಾದರೆ, ಪುಸ್ತಕವೊಂದನ್ನು ಕೈಗೆತ್ತಿಕೊಂಡ ಬೋಧಕರು ನಾಲ್ಕು ವಿಷಯಗಳನ್ನು ತೂಗಿ ನೋಡಬೇಕಾಗುತ್ತದೆ. ಅದು ತುಂಬಬೇಕಾದ ಕೊರತೆ ಲಿಪಿಯದೋ ಭಾಷೆಯದೋ. ಅದರ ಮಾತು ಕಲಿಯುವವರ ವಯಸ್ಸಿಗೂ ಬಾಯಿಗೂ ಹೊಂದುವುದೋ. ಅದರ ಅಚ್ಚನ್ನು ಅವರ ಕಣ್ಣು ಹಿಡಿಯುವುದೋ. ಇಂದಿನ ಪಾಠ ಈ ವಾರವೇ ತರಗತಿಯ ಹೊರಗೆ ಎಲ್ಲಾದರೂ ಒಮ್ಮೆ ಉಪಯೋಗಕ್ಕೆ ಬರುವುದೋ. ನಾಲ್ಕಕ್ಕೂ ಒಪ್ಪುವ ಪುಸ್ತಕ ಸಿಗುವುದು ಅಪರೂಪ. ಆದ್ದರಿಂದ ವಾಚಿಕೆಯೊಂದನ್ನು ಬೆನ್ನೆಲುಬಾಗಿ ಇಟ್ಟುಕೊಂಡು, ಬಸ್ಸಿನ ಫಲಕ, ರಿಜಿಸ್ಟರು, ಬಿಲ್ಲು ಮತ್ತು ಕಲಿಯುವವರ ಸ್ವಂತ ಮಾತುಗಳಿಂದ ಅದಕ್ಕೆ ಮೈ ತುಂಬಿಸುವುದು ಕಾರ್ಯಸಾಧ್ಯವಾದ ದಾರಿ.

ವಾಚಿಕೆ ಮುಗಿದ ಮೇಲಿನ ಓದಿಗೆ ಇಂದು ‘ಬೆಳಕು’ ಪತ್ರಿಕೆಯ ಕಾಲಕ್ಕಿಂತ ಹೆಚ್ಚು ಸಾಧನಗಳಿವೆ. ನ್ಯಾಷನಲ್ ಬುಕ್ ಟ್ರಸ್ಟ್ ನವಸಾಕ್ಷರರಿಗೆಂದೇ ಪುಸ್ತಕಗಳನ್ನು ಪ್ರಕಟಿಸಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ ಸ್ಟೋರಿವೀವರ್ ಎಂಬ ಉಚಿತ ಭಂಡಾರದಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಹಂತ ಹಂತವಾದ ಕಥೆಗಳಿವೆ. ಅವು ಮಕ್ಕಳಿಗಾಗಿ ಬರೆದವಾದರೂ ಮುಕ್ತ ಪರವಾನಗಿ ಇರುವುದರಿಂದ ಬೋಧಕರು ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು, ಮತ್ತು ಮಗುವಿಗೆ ಕಥೆ ಓದಿಹೇಳಬೇಕೆಂಬ ಪಾಲಕರ ಕೈಯಲ್ಲಿ ಮಕ್ಕಳ ಪುಸ್ತಕವೂ ವಯಸ್ಕರ ಗೌರವಕ್ಕೆ ತಕ್ಕ ಪುಸ್ತಕವಾಗುತ್ತದೆ. ದಿನಪತ್ರಿಕೆಯ ತಲೆಬರಹಗಳು ದಪ್ಪಕ್ಷರದ ಪಾಠಗಳನ್ನು ನಿತ್ಯವೂ ಮನೆಬಾಗಿಲಿಗೆ ತರುತ್ತವೆ.

ಕೊನೆಯದಾಗಿ ಹೇಳಬೇಕಾದುದು, ಈ ಆಯ್ಕೆಯ ಅಧಿಕಾರ ಎಲ್ಲಿಯವರೆಗೆ ಬೋಧಕರದ್ದು ಎಂಬುದರ ಬಗ್ಗೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಬಳಿಕ ರಾಜ್ಯದುದ್ದಕ್ಕೂ ಬೆಳೆದ ಗ್ರಂಥಾಲಯಗಳ ಶಾಖೆಗಳು ನಗರದ ಬಡಾವಣೆಗಳಲ್ಲಿಯೂ ಇವೆ. ವಯಸ್ಕರ ತರಗತಿಯ ಕೊನೆಯ ಪಾಠವಾಗಿ ಗ್ರಂಥಾಲಯದ ಸದಸ್ಯತ್ವದ ಅರ್ಜಿಯನ್ನು ಕಲಿಯುವವರ ಕೈಯಿಂದಲೇ ತುಂಬಿಸಿ, ಅವರನ್ನು ಕಪಾಟಿನ ಮುಂದೆ ಬಿಟ್ಟು, ಬೋಧಕರು ಒಂದು ಹೆಜ್ಜೆ ಹಿಂದೆ ನಿಲ್ಲುವುದು ಒಳ್ಳೆಯದು. ಅಲ್ಲಿ ಅವರು ಅಡುಗೆಯ ಪುಸ್ತಕವನ್ನು ಎತ್ತಿಕೊಳ್ಳಬಹುದು, ದೇವರ ಸ್ತೋತ್ರವನ್ನು ಎತ್ತಿಕೊಳ್ಳಬಹುದು, ಬೋಧಕರಿಗೆ ಸ್ವಲ್ಪವೂ ಮೆಚ್ಚುಗೆಯಾಗದ ಪತ್ತೇದಾರಿ ಕಾದಂಬರಿಯನ್ನೂ ಎತ್ತಿಕೊಳ್ಳಬಹುದು. ಆ ಪುಸ್ತಕ ಬೇಡ, ಇದು ಒಳ್ಳೆಯದು ಎಂದು ಹೇಳಬೇಕೆನಿಸಿದರೂ ಆ ಹೊತ್ತಿನಲ್ಲಿ ಹೇಳದಿರುವುದೇ ಪಠ್ಯಸಾಮಗ್ರಿಯ ಆಯ್ಕೆಯಲ್ಲಿ ಬೋಧಕರು ಮಾಡಬಹುದಾದ ಕೊನೆಯ ಸರಿಯಾದ ಕೆಲಸ.